ಹಿತ್ತಿಲಲ್ಲಿ ನಮ್ಮ ಪಾಲೆಷ್ಟು?



ಕೈತೋಟದಿಂದ ಬದುಕಿಗೆ ಸಿಗುವ ಪಾಠಗಳ ಬಗ್ಗೆ ಈ ದತ್ತಿ ಉಪನ್ಯಾಸದಲ್ಲಿ ಮಾತನಾಡಬೇಕೆಂದು ನೀವು ಕೇಳಿದ್ದೀರಿ. ಇಂಥ ವಿಷಯಕ್ಕೆ ಎದ್ದು ನಿಂತವರಿಗೆ ತಟ್ಟನೆ ನೆನಪಾಗುವುದು ‘ಬಿತ್ತಿದಂತೆ ಬೆಳೆ’ ಎಂಬ ಮಾತು. ಅದರಲ್ಲಿ ಸತ್ಯವಿದೆ. ಆದರೆ ಹಿತ್ತಿಲಿನ ಮಣ್ಣು ಮುಟ್ಟಿದ ಯಾರನ್ನಾದರೂ ಕೇಳಿ ನೋಡಿ, ಬಿತ್ತಿದ್ದೆಲ್ಲ ಬೆಳೆಯುವುದಿಲ್ಲ, ಬಿತ್ತದೇ ಇದ್ದದ್ದೂ ಬೆಳೆಯುತ್ತದೆ ಎನ್ನುತ್ತಾರೆ. ಪಾತಿ ಮಾಡಿ, ಗೊಬ್ಬರ ಕೊಟ್ಟು, ದಿನವೂ ನೀರು ಹೊತ್ತು ಹಾಕಿದ ಸಸಿ ನಾಲ್ಕೆಲೆ ಬಿಟ್ಟು ಸೊರಗಿ ಬೀಳುತ್ತದೆ. ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಸಿಹಿಗುಂಬಳದ ಬಳ್ಳಿ ಬೇಲಿ ದಾಟಿ ಪಕ್ಕದ ಮನೆಯ ಮಾಡು ಹತ್ತಿ ಕಾಯಿ ಬಿಡುತ್ತದೆ. ಶ್ರಮಪಟ್ಟರೆ ಫಲ ಸಿಕ್ಕೇ ಸಿಗುತ್ತದೆ ಎಂಬ ಸರಳ ಭರವಸೆಯನ್ನು ಕೈತೋಟ ಯಾರಿಗೂ ಕೊಡುವುದಿಲ್ಲ.

ಅದು ಕಲಿಸುವುದು ಇನ್ನೊಂದನ್ನು. ಕೆಲಸವೊಂದರಲ್ಲಿ ನಮ್ಮ ಪಾಲು ಎಷ್ಟು, ಅದು ಎಲ್ಲಿಗೆ ಮುಗಿಯುತ್ತದೆ, ಅಲ್ಲಿಂದಾಚೆಗಿನದು ಯಾರ ಪಾಲು ಎಂಬುದನ್ನು. ಇದನ್ನು ಪುಸ್ತಕದಿಂದ ಕಲಿಯುವುದು ಕಷ್ಟ, ಪರೀಕ್ಷೆಯಿಂದ ಕಲಿಯುವುದು ಇನ್ನೂ ಕಷ್ಟ. ಅವರೆ ಬಳ್ಳಿ ಇದನ್ನು ಬಹಳ ಚೆನ್ನಾಗಿ ಕಲಿಸುತ್ತದೆ. ಹಾಗಾಗಿ ಅಲ್ಲಿಂದಲೇ ಹೊರಡುತ್ತೇನೆ.

ಹಳೇ ಮೈಸೂರಿನ ಕಡೆ ಹಿತ್ತಿಲಿನ ಚಪ್ಪರಕ್ಕೆ ಹಬ್ಬಿಸುವ ಅವರೆಯನ್ನು ನೀವೆಲ್ಲ ನೋಡಿದ್ದೀರಿ. ನಾಟಿ ತಳಿಯ ಅವರೆಯನ್ನು ಜೂನ್ ತಿಂಗಳ ಮೃಗಶಿರೆಯಲ್ಲಿ ಊರಿ, ಇಲ್ಲವೇ ಆಗಸ್ಟಿನಲ್ಲಿ ಊರಿ, ಹೂ ಬಿಡುವ ಕಾಲ ಹೆಚ್ಚು ಕಡಿಮೆ ಒಂದೇ. ಮೊದಲೇ ಊರಿದ ಬಳ್ಳಿ ಎಲೆ ತುಂಬಿಕೊಂಡು ಚಪ್ಪರವನ್ನೆಲ್ಲ ಮುಚ್ಚುತ್ತದೆಯೇ ಹೊರತು ಅವಸರಪಟ್ಟು ಹೂ ತರುವುದಿಲ್ಲ. ಅದು ಕಾಯುವುದು ಹಗಲು ಮೊಟಕಾಗುವುದನ್ನು. ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಮನುಷ್ಯರಾದ ನಮಗೆ ಗಡಿಯಾರ ನೋಡದೆ ಹೋದರೆ ಆ ವ್ಯತ್ಯಾಸ ಗೊತ್ತೇ ಆಗದು. ಅವರೆಯ ಎಲೆಗೆ ಗೊತ್ತಾಗುತ್ತದೆ. ರಾತ್ರಿ ಇಷ್ಟು ಉದ್ದವಾಯಿತು ಎಂದು ಎಲೆ ಅಳೆದುಕೊಂಡ ಮೇಲೆಯೇ ತುದಿಯಲ್ಲಿ ಹೂಗೊಂಚಲು ಏಳುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಸೊನೆಯ ಘಮಲು ಕೈಗೆ ಅಂಟುವಂಥ ಕಾಯಿ ಸಿಗುವುದು ಹೀಗೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಗಲಿನ ಉದ್ದಕ್ಕೆ ಅಂಜದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ರೂಪಿಸಿದ್ದಾರೆ. ಅವನ್ನು ವರ್ಷದ ಯಾವ ಕಾಲದಲ್ಲಾದರೂ ಬೆಳೆಯಬಹುದು. ರೈತರಿಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಮನೆಯ ಹಿತ್ತಿಲಿಗೆ ಮಾತ್ರ ನಾನು ಈಗಲೂ ಹಳೆಯ ಬಳ್ಳಿಯನ್ನೇ ಊರಿ ಎನ್ನುತ್ತೇನೆ. ಕಾಯುವುದು ಎಂದರೆ ಸುಮ್ಮನೆ ಕೂರುವುದಲ್ಲ ಎಂದು ಅದು ತೋರಿಸಿಕೊಡುತ್ತದೆ. ಆ ತಿಂಗಳುಗಳಲ್ಲಿ ಚಪ್ಪರ ಗಟ್ಟಿ ಮಾಡುವುದಿದೆ, ಒಣ ಎಲೆ ಬಿಡಿಸುವುದಿದೆ, ಬುಡಕ್ಕೆ ಮಣ್ಣೇರಿಸುವುದಿದೆ. ಹೂ ತರಿಸುವ ಕೆಲಸವೊಂದು ನಮ್ಮದಲ್ಲ, ಅಷ್ಟೆ.

ಇನ್ನು ಹೂವಿನಿಂದ ಕಾಯಿಗೆ ಹೋಗುವ ದಾರಿ. ಸಿಹಿಗುಂಬಳ ಹಾಕಿದವರೆಲ್ಲ ಮೊದಲ ವರ್ಷ ಒಂದು ದೂರು ಹೇಳುತ್ತಾರೆ: ‘ಹೂವೇನೋ ರಾಶಿ ಬಿಡ್ತದೆ, ಒಂದೂ ಕಾಯಿ ನಿಲ್ಲೋದಿಲ್ಲ.’ ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂಗಳು. ಉದ್ದ ತೊಟ್ಟಿನ ತುದಿಯಲ್ಲಿ ನೆಟ್ಟಗೆ ನಿಂತಿರುತ್ತವೆ. ದಿನಗಳು ಕಳೆದ ಮೇಲೆ ಹೆಣ್ಣು ಹೂ ಬರುತ್ತದೆ. ಅದರ ತೊಟ್ಟು ಗಿಡ್ಡ, ಹೂವಿನ ಕೆಳಗೆ ಗೋಲಿ ಗಾತ್ರದ ಹೀಚು ಆಗಲೇ ಇರುತ್ತದೆ. ಅದನ್ನು ನೋಡಿ ಮನೆಯವರು ಕಾಯಿಯಾಯಿತೆಂದು ಸಂಭ್ರಮಪಡುತ್ತಾರೆ. ಇನ್ನೂ ಆಗಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅರಳಿದ ಆ ಹೂ ಬಿಸಿಲೇರುವಷ್ಟರಲ್ಲಿ ಮುದುಡಿಕೊಳ್ಳುತ್ತದೆ. ಆ ಕೆಲವು ಗಂಟೆಗಳ ಒಳಗೆ ಜೇನೊಂದು ಗಂಡು ಹೂವಿನಿಂದ ಪರಾಗ ಹೊತ್ತು ಅಲ್ಲಿಗೆ ಬರಬೇಕು. ಬಾರದಿದ್ದರೆ ಹೀಚು ಹಳದಿಯಾಗಿ, ಮೆತ್ತಗಾಗಿ, ಮೂರ್ನಾಲ್ಕು ದಿನದಲ್ಲಿ ಉದುರುತ್ತದೆ.

ಜೇನು ಕಡಿಮೆಯಾದ ಬಡಾವಣೆಗಳಲ್ಲಿ ಈಗ ಈ ಕೆಲಸವನ್ನು ಕೈಯಿಂದ ಮಾಡುವವರಿದ್ದಾರೆ. ಬೆಳಗ್ಗೆ ಆರೂವರೆಗೆ ಗಂಡು ಹೂವೊಂದನ್ನು ಕಿತ್ತು, ದಳ ಬಿಡಿಸಿ, ಒಳಗಿನ ಕೇಸರದ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೃದುವಾಗಿ ಸುತ್ತಲೂ ತಾಗಿಸಬೇಕು. ಹಳದಿ ಪುಡಿ ಅಂಟಿದ್ದು ಕಣ್ಣಿಗೆ ಕಾಣುತ್ತದೆ. ಕೆಲವೇ ದಿನಗಳಲ್ಲಿ ಹೀಚು ಕೆಳಮುಖವಾಗಿ ಬಾಗಿ ದಪ್ಪವಾಗತೊಡಗಿದರೆ ಕಾಯಿ ನಿಂತಿತು ಎಂದು ಅರ್ಥ. ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿ. ತಾನು ಒಂದೇ ಒಂದು ಹೂವಿಗೆ ಇಷ್ಟು ಎಚ್ಚರದಿಂದ ಮಾಡಿದ ಕೆಲಸವನ್ನು ತುಡುವೆ ಜೇನೊಂದು ಬೆಳಗಿನಿಂದ ಸಂಜೆಯವರೆಗೆ ಎಷ್ಟೆಷ್ಟು ಹೂಗಳಿಗೆ ಮಾಡುತ್ತದೆ ಎಂದು ಮಗು ತಾನಾಗಿಯೇ ಲೆಕ್ಕ ಹಾಕುತ್ತದೆ.

ಒಂದೊಂದು ಹೂವಿಗೂ ಒಂದೊಂದು ಹೊತ್ತು, ಒಬ್ಬೊಬ್ಬ ನೆಂಟ. ಹೀರೆಯ ಹೂ ಅರಳುವುದು ದೀಪ ಹಚ್ಚುವ ಹೊತ್ತಿಗೆ, ಸೋರೆಯ ಬಿಳಿ ಹೂವೂ ಸಂಜೆಗೇ. ಅವಕ್ಕೆ ಪತಂಗಗಳು ಬೇಕು. ಬದನೆ, ಟೊಮೆಟೊ ಹೂಗಳದು ಇನ್ನೊಂದು ಬಗೆ. ಅವುಗಳ ಪರಾಗ ಕೇಸರದೊಳಗೆ ಭದ್ರವಾಗಿರುತ್ತದೆ, ಹೊರಬರಲು ತುದಿಯ ಸಣ್ಣ ರಂಧ್ರವೇ ದಾರಿ. ಹೂವನ್ನು ಅಪ್ಪಿ ಹಿಡಿದು ಮೈ ಅದುರಿಸಿ ಜುಂಯ್ ಎಂದು ನಡುಗಿಸಬಲ್ಲ ಕಪ್ಪು ದುಂಬಿಗಳಿಗೆ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ದುಂಬಿಗಳಿಗೆ ಅದು ಉದುರಿ ಸಿಗುತ್ತದೆ. ಜೇನ್ನೊಣಕ್ಕೆ ಆ ವಿದ್ಯೆ ಬಾರದು. ಈ ಕಪ್ಪು ದುಂಬಿ ಗೂಡು ಕಟ್ಟುವುದು ಒಣಗಿದ ಬಿದಿರಿನಲ್ಲಿ, ಹಳೆಯ ಮರದ ತೊಲೆಯಲ್ಲಿ. ಹಿತ್ತಿಲನ್ನು ಚೊಕ್ಕಟ ಮಾಡುತ್ತೇವೆಂದು ಒಣ ಬಿದಿರನ್ನೆಲ್ಲ ಎತ್ತಿ ಸುಟ್ಟರೆ ಬದನೆಗೆ ಬರಬೇಕಾದವರ ಮನೆಯನ್ನು ನಾವೇ ಸುಟ್ಟಂತೆ. ಹಾಗಾಗಿ ಹಿತ್ತಿಲ ಮೂಲೆಯೊಂದನ್ನು ಮುಟ್ಟದೆ ಬಿಡಿ ಎಂದು ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ನೋಡದೆ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅಲಸಂದೆ ಬಳ್ಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲಸಂದೆಯ ಎಳೆ ಕುಡಿಗೆ, ಕಾಯಿಯ ತೊಟ್ಟಿಗೆ ಕಪ್ಪು ಹೇನು ಹತ್ತುವುದು ಸಾಮಾನ್ಯ. ಬೆಳಗ್ಗೆ ಎರಡು ಕುಡಿಯಲ್ಲಿ ಕಂಡದ್ದು ವಾರದೊಳಗೆ ಬಳ್ಳಿಗೆಲ್ಲ ಮೆತ್ತಿಕೊಂಡಿರುತ್ತದೆ. ಹತ್ತಿರ ಹೋಗಿ ನೋಡಿದರೆ ಇರುವೆಗಳು ಸಾಲಾಗಿ ಓಡಾಡುತ್ತಿರುತ್ತವೆ. ಹೇನು ಬಿಡುವ ಸಿಹಿ ಅಂಟಿಗಾಗಿ ಅವು ಬರುತ್ತವೆ, ಅದಕ್ಕಾಗಿ ಹೇನುಗಳನ್ನು ಕಾಯುತ್ತವೆ ಕೂಡ. ಇನ್ನೂ ಹತ್ತಿರ ಹೋದರೆ ಹೇನುಗಳ ನಡುವೆ ಬೂದುಗಪ್ಪು ಬಣ್ಣದ, ಮೈಮೇಲೆ ಕಿತ್ತಳೆ ಚುಕ್ಕೆಯ, ಚಿಕ್ಕ ಮೊಸಳೆಯಂಥ ಒಂದು ಮರಿಹುಳು ತೆವಳುತ್ತಿರುತ್ತದೆ. ನೋಡಿದರೆ ಹೇಸಿಗೆಯಾಗುತ್ತದೆ. ಬಹಳ ಜನ ಮೊದಲು ಹೊಸಕಿ ಹಾಕುವುದು ಅದನ್ನೇ. ಅದು ಗುಲಗಂಜಿ ಹುಳುವಿನ ಮರಿ. ಕೆಂಪಗೆ ದುಂಡಗೆ ಚೆಂದವಾಗಿ ಕಾಣುವ, ಮಕ್ಕಳು ಅಂಗೈ ಮೇಲೆ ಬಿಟ್ಟುಕೊಂಡು ಆಡುವ ಅದೇ ಹುಳು ಚಿಕ್ಕದಿದ್ದಾಗ ಕಾಣುವುದು ಹೀಗೆ. ದೊಡ್ಡದಾಗುವ ಮೊದಲು ಒಂದೊಂದು ಮರಿಯೂ ನೂರಾರು ಹೇನುಗಳನ್ನು ತಿಂದು ಮುಗಿಸುತ್ತದೆ. ಆತುರಪಟ್ಟು ಔಷಧಿ ಹೊಡೆದರೆ ಹೇನಿನೊಂದಿಗೆ ಈ ಮರಿಗಳೂ ಸಾಯುತ್ತವೆ. ಹೇನು ಬೇಗ ಮರಳಿ ಬರುತ್ತದೆ. ಗುಲಗಂಜಿ ಹುಳು ಬರಲು ಹೊತ್ತು ಹಿಡಿಯುತ್ತದೆ. ಕುಡಿ ಮುದುಡುವುದನ್ನು ನೋಡಿಕೊಂಡು ಒಂದು ವಾರ ಕೈಕಟ್ಟಿ ನಿಲ್ಲುವುದು ಸುಲಭವಲ್ಲ. ತೀರಾ ಹೆಚ್ಚಾದ ಕುಡಿಯನ್ನು ಚಿವುಟಿ ತೆಗೆಯಿರಿ, ನೀರು ಚಿಮ್ಮಿಸಿ ತೊಳೆಯಿರಿ, ನಮ್ಮ ಅಜ್ಜಿಯರಂತೆ ಒಲೆಯ ಬೂದಿ ಎರಚಿ. ಅದಕ್ಕಿಂತ ಮೊದಲು ಬಳ್ಳಿಯ ಪಕ್ಕ ಕುಳಿತು ಅಲ್ಲಿ ಯಾರು ಯಾರಿದ್ದಾರೆ ಎಂದು ನೋಡಿ. ತರಗತಿಯಲ್ಲಿ ಮೂವತ್ತು ಮಕ್ಕಳ ಎದುರು ನಿಲ್ಲುವ ಅಧ್ಯಾಪಕರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಅತಿ ಮುಖ್ಯವೆಂದು ತಿಳಿದಿರುವ ಮಾತು ಬದನೆಯದು. ಬದನೆಗೆ ಕುಡಿ ಮತ್ತು ಕಾಯಿ ಕೊರೆಯುವ ಹುಳುವಿನ ಕಾಟ ಬಿಟ್ಟದ್ದಲ್ಲ. ಪತಂಗ ಮೊಟ್ಟೆಯಿಟ್ಟು ಹೋಗುತ್ತದೆ, ಮರಿ ಎಳೆ ಕಾಯಿಯೊಳಗೆ ಹೊಕ್ಕು ತೂತು ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಕಾಯಿ ನುಣುಪಾಗಿ ಮಿರುಗುತ್ತಿರುತ್ತದೆ, ಹೆಚ್ಚಿದಾಗ ಒಳಗೆಲ್ಲ ಕಂದು. ಬಾಡಿ ತಲೆಬಾಗಿದ ಕುಡಿಯನ್ನು ಕಂಡ ದಿನವೇ ಕತ್ತರಿಸಿ ಹಾಕಿದರೆ ಹಾವಳಿ ತಗ್ಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಮನೆಯಲ್ಲಿ ಬೆಳೆದ ಬದನೆಯಲ್ಲಿ ಹುಳುಕು ಕಂಡರೆ ನಾವು ಏನು ಮಾಡುತ್ತೇವೆ? ಆ ಭಾಗವನ್ನು ತೆಗೆದು ಉಳಿದದ್ದನ್ನು ಎಣ್ಣೆಗಾಯಿಗೆ ಹಾಕುತ್ತೇವೆ. ಅದೇ ಸಂತೆಯಲ್ಲಿ, ಒಂದು ಸಣ್ಣ ಚುಕ್ಕೆ ಕಂಡರೂ ಪಕ್ಕಕ್ಕಿಟ್ಟು ಇನ್ನೊಂದು ಆರಿಸುತ್ತೇವೆ. ರೈತ ಕೀಟನಾಶಕ ಹೊಡೆಯುವುದು ನಮ್ಮ ಆ ಬೆರಳುಗಳಿಗೆ ಹೆದರಿ. ಕಲೆಯಿಲ್ಲದ ಕಾಯಿ ಬೇಕು, ವಿಷವಿಲ್ಲದ ಕಾಯಿಯೂ ಬೇಕು, ಬೆಲೆಯೂ ಕಡಿಮೆಯಿರಬೇಕು ಎಂದು ಕೇಳುವ ಹಕ್ಕು ನಮಗಿದೆಯೇ? ಒಂದು ಬದನೆ ಗಿಡವನ್ನು ಸಸಿಯಿಂದ ಕಾಯಿಯವರೆಗೆ ಸಾಕಿದವರು ಸೊಪ್ಪಿನ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಲಾರರು. ಟೊಮೆಟೊ ಬೆಲೆ ಕುಸಿದು ಕೋಲಾರದ ರೈತರು ಅದನ್ನು ರಸ್ತೆಗೆ ಸುರಿದ ಚಿತ್ರ ಪತ್ರಿಕೆಯಲ್ಲಿ ಬಂದಾಗ ಪುಟ ಮಗುಚಲಾರರು. ಕೈತೋಟದಿಂದ ಇದೊಂದೇ ಬಂದರೂ, ತರಕಾರಿ ಏನೂ ಬಾರದಿದ್ದರೂ, ನನಗೆ ಸಾಕು.

ಏಕೆಂದರೆ ತರಕಾರಿಯ ಲೆಕ್ಕದಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ದೊಡ್ಡವರಿಗೆ ದಿನಕ್ಕೆ 400 ಗ್ರಾಂನಷ್ಟು ಸೊಪ್ಪು ತರಕಾರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ನಾಲ್ಕು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋಗೂ ಮಿಕ್ಕಿ. ಮೂವತ್ತು ನಲವತ್ತರ ನಿವೇಶನದ ಹಿಂದೆ ಉಳಿದ ಜಾಗದಲ್ಲಿ, ಅಥವಾ ತಾರಸಿಯ ಮೇಲಿನ ಗ್ರೋ ಬ್ಯಾಗುಗಳಲ್ಲಿ ಇಷ್ಟು ಬೆಳೆಯುವುದು ಬಹುಮಂದಿಗೆ ಆಗದ ಮಾತು. ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ಬೆಂಗಳೂರಿನಲ್ಲಿ ತಾರಸಿ ತೋಟದ ತರಬೇತಿ ಕೊಟ್ಟು ಎಷ್ಟೋ ಮನೆಗಳ ಮಾಡನ್ನು ಹಸಿರು ಮಾಡಿದ್ದಾರೆ. ಅಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆ ಬಿಸಿಲಿನದು. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು, ಅಷ್ಟು ಇಲ್ಲದ ಕಡೆ ಹರಿವೆ, ಮೆಂತ್ಯ, ಪುದೀನ, ಒಂದೆಲಗ ಹಾಕಿಕೊಂಡು ತೃಪ್ತರಾಗಬೇಕು. ಕರಿಬೇವು, ಹಸಿಮೆಣಸು, ನುಗ್ಗೆ ಸೊಪ್ಪು, ಮಳೆಗಾಲಕ್ಕೆ ಬಸಳೆ, ಚಳಿಗಾಲಕ್ಕೆ ಅವರೆ ಇಷ್ಟು ಮನೆಯಲ್ಲೇ ಆದರೆ ಅಡುಗೆಮನೆಗೆ ದೊಡ್ಡ ಆಸರೆ. ಉಳಿದದ್ದಕ್ಕೆ ರೈತರೇ ಬೇಕು. ಸ್ವಾವಲಂಬನೆ ಎಂಬ ಮಾತನ್ನು ಕೈತೋಟದ ಮೇಲೆ ಹೇರುವುದು ನನಗೆ ಒಪ್ಪಿಗೆಯಿಲ್ಲ. ಯಾರು ಯಾರನ್ನು ಆಶ್ರಯಿಸಿ ಬದುಕಿದ್ದೇವೆಂದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂದು ಒಂದು ಪುಸ್ತಕವನ್ನೇ ಬರೆದರು. ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆಗಳನ್ನು ಸಾವಿರಾರು ವರ್ಷ ತಿದ್ದಿ ತೀಡಿ ಬೆಳೆಸಿದ ಅಮೆರಿಕಾ ಖಂಡಗಳ ಮೂಲನಿವಾಸಿಗಳಿಗೂ ನಮ್ಮ ಹಿತ್ತಿಲಿನಲ್ಲಿ ಪಾಲಿದೆ.

ಮಣ್ಣಿಗೂ ಪಾಲಿದೆ, ಮತ್ತು ಆ ಪಾಲನ್ನು ಮಣ್ಣಿಗೆ ಹಿಂದಿರುಗಿಸಬೇಕು. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯ ದಿನ ಬಗೆಬಗೆಯ ಬೆರಕೆ ಸೊಪ್ಪು ಬೇಯಿಸಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಗದ್ದೆಗೆ ಒಯ್ದು ಬೀರುತ್ತಾರೆ, ಕಾಗೆಗೂ ಎಡೆ ಇಡುತ್ತಾರೆ. ತೆನೆ ಹೊತ್ತ ಭೂಮಿ ಬಸುರಿ, ಆಕೆಯ ಬಯಕೆ ತೀರಿಸಬೇಕು ಎಂಬುದು ಅಲ್ಲಿನ ನಂಬಿಕೆ. ಮಣ್ಣಿಗೆ ಹಿಂದಿರುಗಿಸುವ ಈ ಕೆಲಸವನ್ನೇ ವಿಜ್ಞಾನದ ದಾರಿಯಲ್ಲಿ ಮಾಡಿದವರಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಡಾ. ಸಿ.ಎನ್. ಆಚಾರ್ಯ. 1939ರಲ್ಲಿ ಅವರು ರೂಪಿಸಿದ ಗೊಬ್ಬರದ ವಿಧಾನ ಜಗತ್ತಿನ ಕೃಷಿ ಪಠ್ಯಗಳಲ್ಲಿ ಇಂದಿಗೂ ‘ಬೆಂಗಳೂರು ವಿಧಾನ’ ಎಂದೇ ಹೆಸರಾಗಿದೆ. ಅದಕ್ಕೆ ಮೊದಲು ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ರೂಪಿಸಿದ್ದ ವಿಧಾನದಲ್ಲಿ ಗೊಬ್ಬರವನ್ನು ಆಗಾಗ ಮಗುಚಬೇಕಿತ್ತು. ಆಚಾರ್ಯರದರಲ್ಲಿ ಆ ಶ್ರಮವಿಲ್ಲ. ಗುಂಡಿಯಲ್ಲಿ ಕಸದ ಒಂದು ಪದರ, ಕೊಳೆಯುವ ಹಸಿ ತ್ಯಾಜ್ಯದ ಒಂದು ಪದರ ಹೀಗೆ ಹಾಕುತ್ತ ಬಂದು, ಮೇಲೆ ಮಣ್ಣು ಮುಚ್ಚಿ ಬಿಟ್ಟರೆ ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ತಮ್ಮ ಊರಿನ ಹೆಸರು ಹೊತ್ತ ಈ ವಿಧಾನವನ್ನು ಬೆಂಗಳೂರಿನ ಮಕ್ಕಳು ಶಾಲೆಯಲ್ಲಿ ಕಲಿಯಬೇಕೆಂಬುದು ನನ್ನ ಬಹುದಿನದ ಆಸೆ.

ಗೊಬ್ಬರವೂ ಹಿತಮಿತವಾಗಿರಬೇಕು. ಸಾರಜನಕ ಮಿತಿಮೀರಿದರೆ ಗಿಡ ಸೊಕ್ಕಿ ಎಲೆಯನ್ನೇ ಬಿಡುತ್ತದೆ, ಹೂವಿಗೆ ಮನಸ್ಸು ಮಾಡುವುದಿಲ್ಲ. ನೀರು ಹೆಚ್ಚಾದರೆ ಬೇರಿಗೆ ಗಾಳಿಯಾಡದೆ ಎಳೆಯ ಸಸಿ ಬುಡದಲ್ಲೇ ಕೊಳೆತು ಮಲಗುತ್ತದೆ. ಮಡಿಯಿಂದ ಕಿತ್ತು ನಾಟಿ ಮಾಡುವ ಮೊದಲು ಕೆಲವು ದಿನ ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿ ಮಾಡುವುದು ಎಲ್ಲ ರೈತರಿಗೂ ಗೊತ್ತು. ತಂದೆತಾಯಿಯರು ಕೂತಿರುವ ಸಭೆಯಲ್ಲಿ ಇದಕ್ಕಿಂತ ಹೆಚ್ಚು ಹೇಳಲಾರೆ.

ಇಷ್ಟೆಲ್ಲ ಜ್ಞಾನವನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು ಹೆಣ್ಣುಮಕ್ಕಳು. ಹೊಲದ ಬೆಳೆ ಗಂಡಸರ ಲೆಕ್ಕಕ್ಕೆ, ಪಹಣಿಗೆ, ಬ್ಯಾಂಕಿಗೆ ಸೇರಿತು. ಹಿತ್ತಿಲ ಬೆಳೆ ಯಾವ ಲೆಕ್ಕದಲ್ಲೂ ಸೇರಲಿಲ್ಲ, ಹಾಗಾಗಿ ಅದನ್ನು ಬೆಳೆದವರ ದುಡಿಮೆಯೂ ಸೇರಲಿಲ್ಲ. ಮೊದಲ ಕಾಯಿಗಳಲ್ಲಿ ಚೆನ್ನಾಗಿರುವುದನ್ನು ಗುರುತಿಸಿ, ‘ಇದು ಬೀಜಕ್ಕೆ, ಯಾರೂ ಮುಟ್ಟಬೇಡಿ’ ಎಂದು ಕಟ್ಟಿಟ್ಟವರು ಅವರು. ಸೌತೆಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಸೆಗಣಿಯೊಂದಿಗೆ ಗೋಡೆಗೆ ಮೆತ್ತಿದವರು, ಹೀರೆಯ ಒಣಗಾಯಿಯನ್ನು ಒಲೆಯ ಮೇಲಿನ ಹೊಗೆಗೆ ತೂಗುಹಾಕಿದವರು, ಮಗಳು ಗಂಡನ ಮನೆಗೆ ಹೋಗುವಾಗ ಸೆರಗಿನ ತುದಿಗೆ ಬೀಜದ ಗಂಟು ಕಟ್ಟಿ ಕಳಿಸಿದವರು ಅವರು. ಶಿರಸಿಯಲ್ಲಿ ‘ವನಸ್ತ್ರೀ’ ಎಂಬ ಹೆಣ್ಣುಮಕ್ಕಳ ಬಳಗ ಮಲೆನಾಡಿನ ಹಿತ್ತಿಲ ಬೀಜಗಳನ್ನು ಹುಡುಕಿ, ಬೆಳೆದು, ಹಂಚುತ್ತ ಬಂದಿದೆ. ಉಡುಪಿ ಬಳಿಯ ಮಟ್ಟು ಎಂಬ ಪುಟ್ಟ ಊರಿನ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದು ಸರಿ, ಆದರೆ ಅಂಥ ಹೆಸರಿಲ್ಲದ ಎಷ್ಟೋ ಬದನೆ, ಹೀರೆ, ತಂಬಳಿಯ ಸೊಪ್ಪುಗಳು ಒಬ್ಬ ಅಜ್ಜಿಯೊಂದಿಗೆ ತೀರಿಹೋಗುತ್ತವೆ. ಬೀಜವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟವರ ಮನೆಯಲ್ಲಿ ಅದು ಕೆಲವು ವರ್ಷದಲ್ಲಿ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ನಾಲ್ಕು ಮನೆಗೆ ಕೊಟ್ಟವರಿಗೆ, ತಮ್ಮದು ಹಾಳಾದ ವರ್ಷ, ನಾಲ್ಕರಲ್ಲಿ ಒಂದು ಮನೆಯಿಂದ ಅದು ಮರಳಿ ಬರುತ್ತದೆ.

ಕೊನೆಯದಾಗಿ ಶಾಲೆಗಳ ಮಾತು. ಗಾಂಧೀಜಿಯವರ ಮುಂದಾಳತ್ವದಲ್ಲಿ 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನ, ಕೈಕೆಲಸವೇ ಕಲಿಕೆಯ ನಡುಗಂಬವಾಗಬೇಕೆಂದು ಹೇಳಿತು. ಅಂಥ ಕೈಕೆಲಸಗಳಲ್ಲಿ ತೋಟಗಾರಿಕೆಯೂ ಒಂದಾಗಿತ್ತು. ಇಂದು ಬಿಸಿಯೂಟದ ಜೊತೆಗೆ ಶಾಲಾ ಕೈತೋಟವೂ ಇರಬೇಕೆಂದು ಸರ್ಕಾರ ಹೇಳುತ್ತದೆ, ಎಷ್ಟೋ ಶಾಲೆಗಳ ಶಿಕ್ಷಕರು ಅಡುಗೆಯವರೊಂದಿಗೆ ಸೇರಿ ನುಗ್ಗೆ, ಪಪ್ಪಾಯಿ, ಸೊಪ್ಪು ಬೆಳೆಸಿದ್ದಾರೆ. ಅವರೆಲ್ಲ ಹೇಳುವ ಕಷ್ಟ ಒಂದೇ: ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲ, ಎಲ್ಲವೂ ಒಣಗುತ್ತದೆ.

ಇದಕ್ಕೆ ನನ್ನದೊಂದು ಸಲಹೆ. ತೋಟದ ವರ್ಷವನ್ನು ಶಾಲೆಯ ವರ್ಷಕ್ಕೇ ಹೊಂದಿಸಿಕೊಳ್ಳಿ. ಜೂನಿನಲ್ಲಿ ಶಾಲೆ ತೆರೆದ ಕೂಡಲೇ ಹರಿವೆ, ಮೂಲಂಗಿ ಬಿತ್ತಿ. ಹರಿವೆ ತಿಂಗಳೊಳಗೆ ಸಾರಿಗೆ ಬರುತ್ತದೆ, ಚಿಕ್ಕ ಮಕ್ಕಳಿಗೆ ಅಷ್ಟು ಬೇಗ ಕಂಡರೆ ಉತ್ಸಾಹ ಹೆಚ್ಚು. ಜುಲೈಯಲ್ಲಿ ನಾಟಿ ಅವರೆ ಊರಿ. ದಸರಾ ರಜೆಗೆ ಮಳೆಯ ಆಸರೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಜನವರಿಯಲ್ಲಿ ಬಿಸಿಯೂಟಕ್ಕೆ ಅವರೆಕಾಳಿನ ಸಾರು. ಕೆಲವು ಕಾಯಿ ಬಳ್ಳಿಯಲ್ಲೇ ಒಣಗಲು ಬಿಟ್ಟು ಫೆಬ್ರವರಿಯಲ್ಲಿ ಬೀಜ ಬಿಡಿಸಿ, ಒಂದು ಪಾಲು ಶಾಲೆಗೆ, ಉಳಿದದ್ದು ಮಕ್ಕಳ ಮನೆಗೆ. ಮಾರ್ಚಿನಲ್ಲಿ ಬಳ್ಳಿ ಎಳೆದು, ಅಂಗಳದ ತರಗೆಲೆ ಗುಡಿಸಿ, ಅಡುಗೆಮನೆಯ ಸಿಪ್ಪೆ ಸೇರಿಸಿ ಗುಂಡಿ ತುಂಬಿ ಮಣ್ಣು ಮುಚ್ಚಿ. ಮಗುಚುವ ಕೆಲಸವಿಲ್ಲದ್ದರಿಂದ ರಜೆಯಲ್ಲಿ ಯಾರೂ ಇರಬೇಕಾಗಿಲ್ಲ, ದಸರೆಯ ಹೊತ್ತಿಗೆ ಗೊಬ್ಬರ ಕೈಗೆ ಬರುತ್ತದೆ.

ಈ ಕೆಲಸಕ್ಕೆ ಅಂಕ ಕೊಡಲೇಬೇಕಾದರೆ ಎಷ್ಟು ಕಿಲೋ ಬೆಳೆದರು ಎಂಬುದಕ್ಕೆ ದಯವಿಟ್ಟು ಕೊಡಬೇಡಿ. ಪ್ರತಿ ಮಗುವಿಗೂ ಒಂದು ನೋಟ್‌ಬುಕ್ ಕೊಟ್ಟು, ಮೊದಲ ಹೆಣ್ಣು ಹೂ ಯಾವತ್ತು ಕಂಡಿತು, ಯಾವ ಹುಳು ಯಾವ ಎಲೆಯ ಮೇಲಿತ್ತು, ಮಳೆ ಬಂದ ಮಾರನೆಯ ದಿನ ಏನಾಗಿತ್ತು ಎಂದು ಬರೆಸಿ. ಬಳ್ಳಿ ಸತ್ತುಹೋದ ಮಗುವಿನ ನೋಟ್‌ಬುಕ್ಕಿನಲ್ಲೂ ಬರೆಯಲು ಅಷ್ಟೇ ಇರುತ್ತದೆ, ಅದಕ್ಕೂ ಪೂರ್ತಿ ಅಂಕ ಸಿಗಲಿ. ಈ ದತ್ತಿಯ ಹಣದಲ್ಲಿ ಒಂದಿಷ್ಟನ್ನು ಆ ನೋಟ್‌ಬುಕ್ಕುಗಳಿಗೂ ಬೀಜಕ್ಕೂ ತೆಗೆದಿಡಲು ಸಾಧ್ಯವೇ ಎಂದು ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರನ್ನು ಈ ವೇದಿಕೆಯಿಂದಲೇ ಕೇಳುತ್ತಿದ್ದೇನೆ.